ಒದ್ದೆಯಾದವರಿಗೆ ರಾಶಿ

ನಮ್ಮ ಮನೆಯವರಿಗೆ ಬರೆಯುವ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಅದಕ್ಕೆ ಮೊದಲು ಕುಶಾಲಪ್ಪ ಎಂಬ ಈ ಮನುಷ್ಯ ಸೊಸೈಟಿಯಲ್ಲಿ ಸಹಿ ಹಾಕುವುದಕ್ಕಲ್ಲದೆ ಪೆನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ಫೆಬ್ರವರಿಯಲ್ಲಿ ಅವರು ಕಲಿತ ಶಾಲೆಯ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿದರು. ಪ್ರತಿ ಭಾನುವಾರ ಯಾರಾದರೊಬ್ಬರು ‘ನಮ್ಮ ಕಾಲದ ಆಟಗಳು’ ಎಂದು ಬರೆಯಬೇಕಂತೆ. ಇವರು ಮೊದಲ ಭಾನುವಾರವೇ ಮುನ್ನುಗ್ಗಿ ಟಯರ್ ಓಡಿಸುವ ಆಟದ ಬಗ್ಗೆ ಬರೆದರು. ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಸೌದಿಯಲ್ಲಿರುವವರು ಎಲ್ಲ ಚಪ್ಪಾಳೆಯ ಚಿತ್ರ ಹಾಕಿದರು. ಅಲ್ಲಿಗೆ ಇವರ ಮಂಡೆ ತಿರುಗಿತು.

ಮತ್ತಿನ ವಾರ ಕುಟ್ಟಿದೊಣ್ಣೆ. ಅದರ ಮತ್ತಿನ ವಾರ ರಬ್ಬರ್ ಬೀಜವನ್ನು ಸಿಮೆಂಟು ನೆಲಕ್ಕೆ ತಿಕ್ಕಿ ಬಿಸಿ ಮಾಡಿ ಪಕ್ಕದವನ ತೊಡೆಗೆ ಇಡುವುದು. ಗೆರಟೆಯಲ್ಲಿ ಉಳಿದ ರಬ್ಬರಿನ ಎಳೆ ಸುತ್ತಿ ಚೆಂಡು ಮಾಡಿದ್ದು, ಆ ಚೆಂಡು ಹೆಡ್‌ಮಾಸ್ತರ ಚಾಯದ ಗ್ಲಾಸಿಗೆ ಬಿದ್ದದ್ದು. ಬೆಳಿಗ್ಗೆ ರಬ್ಬರ್ ಮರದ ಟ್ಯಾಪಿಂಗ್ ಮುಗಿಸಿ ಹಾಲು ತಂದು ಡಿಶ್ಶಿಗೆ ಹೊಯ್ದು, ಆಸಿಡ್ ಹಾಕಿ, ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತರೆ ಲೋಕವೇ ಬೇಡ.

"ಹಾಲು ಹೆಪ್ಪಾಗಿ ಕಲ್ಲಾಯ್ತು ಮಾರಾಯ್ರೆ! ಶೀಟ್ ಯಾರು ಒತ್ತುದು? ನಿಮ್ಮ ಗ್ರೂಪಿನವರು ಬರ್ತಾರಾ?"

"ಒಂದು ನಿಮಿಷ ವಿಮಲಾ. ಲಗೋರಿಗೆ ಏಳು ಕಲ್ಲಾ, ಒಂಬತ್ತಾ?"

"ನಿಮ್ಮ ಮಂಡೆಗೆ ಹಾಕ್ಲಿಕ್ಕೆ ಒಂದೇ ಸಾಕು."

ಒಳಗಿನಿಂದ ಚೆನ್ನು ನಕ್ಕಳು. ಚೆನ್ನು ಇವರ ತಂಗಿ. ನನಗಿಂತ ಒಂದೆರಡು ವರ್ಷ ಸಣ್ಣವಳು. ಪೆರಾಬೆಗೆ ಮದುವೆ ಮಾಡಿ ಕೊಟ್ಟಿದ್ದರು. ಬಸಿರು ನಿಂತದ್ದೆಲ್ಲ ಹೋಯಿತು, ಒಂದೂ ಉಳಿಯಲಿಲ್ಲ. ನಾಗದೋಷ ಎಂದರು. ಸುಬ್ರಹ್ಮಣ್ಯದಲ್ಲಿ ಮಾಡಬೇಕಾದ್ದೆಲ್ಲ ಮಾಡಿಸಿ ಆಯಿತು. ಕಡೆಗೆ ಗಂಡನ ಮನೆಯವರು ಜೀಪಿನಲ್ಲಿ ತಂದು ಬಿಟ್ಟು ಹೋದರು. ಅಂದಿನಿಂದ ಅವಳು ನಮ್ಮ ಜೊತೆಗೇ ಇದ್ದಾಳೆ. ಮನೆಯ ಅರ್ಧ ಕೆಲಸ ಅವಳದ್ದು. ತೊಟ್ಟಿಲು ಶಾಸ್ತ್ರ, ಮದುವೆ ಮಾತುಕತೆ ಎಂದರೆ ಮಾತ್ರ ತಾನಾಗಿಯೇ ಹಿಂದಿನ ಬಾಗಿಲಿನಿಂದ ಬಚ್ಚಲಿನ ಕಡೆ ಹೋಗಿ ಪಾತ್ರೆ ತಿಕ್ಕುತ್ತಾ ಕೂರುತ್ತಾಳೆ. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅತ್ತೆ ತಿಮ್ಮಕ್ಕ ಒಮ್ಮೆ ನೋಡುತ್ತಾರೆ, ಅಷ್ಟೇ.

ಆ ವರ್ಷ ಮದುವೆ ಮಾತುಕತೆ ನಮ್ಮ ಮನೆಯಲ್ಲೇ ಇತ್ತು. ನಮ್ಮ ಒಬ್ಬಳೇ ಮಗಳು ಭವಿತಾ, ಪುತ್ತೂರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳಿಗೆ ಸುಳ್ಯದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸಂಪ್ರೀತ್, ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದಾನೆ. ತಂದೆ ಇಲ್ಲ. ದೊಡ್ಡಪ್ಪ ದೇರಣ್ಣನವರೇ ಆ ಮನೆಯ ಯಜಮಾನರು. ಮಾರ್ಚಿಯ ಸುರುವಿಗೆ ಬಂದು ಹುಡುಗಿ ನೋಡಿ, ಕೋಳಿ ರೊಟ್ಟಿ ಉಂಡು, ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಹೇಳಿ ಹೋಗಿದ್ದರು. ಹುಡುಗಿ, ಹುಡುಗ ಇಬ್ಬರಿಗೂ ಮನಸ್ಸಾಗಿತ್ತು. ದಿನಾ ಸಂಜೆ ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲಿ ಭವಿತಾ ಫೋನಿನಲ್ಲಿ ಅವನ ಹತ್ತಿರ ಮಾತಾಡಿಕೊಂಡೇ ಬರುತ್ತಿದ್ದಳು. ತೋಡಿನ ಕಾಲುಸಂಕ ದಾಟುವಾಗ ಸ್ವರ ಸಣ್ಣ ಆಗುತ್ತಿತ್ತು. ನನಗೆ ಕೇಳಿಸಬಾರದೆಂದು.

ಹುಡುಗನ ತಾಯಿ ವಾರಿಜಕ್ಕ ಮಾತು ಕಡಿಮೆಯ ಹೆಂಗಸು. ಗಂಡಸರು ಒಳಗೆ ಜಾತಕ ಬಿಡಿಸುವಾಗ ಅವರು ಅಂಗಳಕ್ಕೆ ಇಳಿದು ನಾವು ಟರ್ಪಾಲಿನ ಮೇಲೆ ಒಣ ಹಾಕಿದ್ದ ಗೇರುಬೀಜದ ಹತ್ತಿರ ಹೋಗಿ ಕೂತರು. ರಾಶಿಯಲ್ಲಿ ಕೈಯಾಡಿಸಿ ಒಂದು ದಪ್ಪ ಬೀಜ ಹೆಕ್ಕಿ, ಅಂಗೈಯಲ್ಲಿ ಎರಡು ಸಲ ಮೇಲೆ ಹಾರಿಸಿ ಹಿಡಿದರು.

"ಈ ವರ್ಷ ಬೀಜಕ್ಕೆ ರೇಟೇ ಇಲ್ಲ ಅಕ್ಕ," ಎಂದೆ ನಾನು, ಹಿಂದಿನಿಂದ.

ಅವರು ಬೆಚ್ಚಿ ಬೀಜ ಕೆಳಗೆ ಹಾಕಿದರು. "ಹೌದಾ," ಎಂದರು.

"ನಿಮ್ಮ ತವರು ಎಲ್ಲಿಯಾಯ್ತು?"

"ಕಡಬದ ಹತ್ತಿರ. ಈಗ ಅಲ್ಲಿ ಯಾರೂ ಇಲ್ಲ, ಎಲ್ಲ ಕೊಟ್ಟು ಆಯ್ತು." ಅಷ್ಟು ಹೇಳಿ ಸೀರೆ ಕೊಡವಿ ಒಳಗೆ ಹೋದರು. ಗತ್ತಿನ ಹೆಂಗಸು ಎಂದುಕೊಂಡೆ.

ಮಾರ್ಚಿಯ ಕೊನೆಯ ಭಾನುವಾರ. ಬಂಗುಡೆ ಸಾರು, ನೀರುದೋಸೆ. ಎಲ್ಲರೂ ಒಟ್ಟಿಗೆ ಕೂತಿದ್ದೆವು. ಇವರು ಮೊಬೈಲ್ ಎಡಗೈಯಲ್ಲಿ ಹಿಡಿದು, "ಇವತ್ತು ಬರೆದದ್ದು ಕೇಳಿ. ಬೆಳಿಗ್ಗೆ ಹಾಕಿದ್ದಷ್ಟೆ, ಎಷ್ಟು ಜನ ಓದಿದ್ದಾರೆ ಗೊತ್ತುಂಟಾ?" ಎಂದರು.

"ತಿಂದು ಓದು ಮಾರಾಯ, ಮುಳ್ಳು ಸಿಕ್ಕೀತು," ಎಂದರು ಅತ್ತೆ.

ಇವರು ಕೇಳುವುದುಂಟಾ? ಗಂಟಲು ಸರಿ ಮಾಡಿ ಓದಿದರು. ಬಿಸುವಿನ ರಜೆಯಲ್ಲಿ ಮಕ್ಕಳೆಲ್ಲ ಗೇರುಬೀಜದಲ್ಲಿ ಆಡುತ್ತಿದ್ದದ್ದು. ನೆಲದಲ್ಲಿ ವೃತ್ತ ಎಳೆದು ಎಲ್ಲರೂ ಬೀಜ ಇಟ್ಟು, ದೂರದಿಂದ ಒಂದು ದಪ್ಪ ಬೀಜದಲ್ಲಿ ಹೊಡೆದು ಹೊರಗೆ ಹಾರಿಸುವುದು. ಅಷ್ಟರಲ್ಲಿ ಗುಡ್ಡೆಯ ಹಿಂದೆ ಗುಡುಗುಡು ಶಬ್ದ. ಹೆಲಿಕಾಪ್ಟರ್! ಗೇರುತೋಪಿಗೆ ಮದ್ದು ಬಿಡಲು ಬಂದ ಹೆಲಿಕಾಪ್ಟರ್! ಆಟ ಬಿಟ್ಟು ಎಲ್ಲರೂ ತೋಪಿನ ಬೇಲಿಗೆ ಓಡುವುದು. ಆಗ ಮಕ್ಕಳೇ ಮಾಡಿದ ಒಂದು ಕಾನೂನು ಇತ್ತು. ಮೇಲಿನಿಂದ ಬೀಳುವ ಆ ಮಳೆಯಲ್ಲಿ ಯಾರು ಮೊದಲು ಒದ್ದೆಯಾಗುತ್ತಾರೋ ವೃತ್ತದಲ್ಲಿ ಉಳಿದ ಬೀಜದ ರಾಶಿ ಪೂರಾ ಅವರಿಗೆ. 'ನಾನು ತಂಗಿಯನ್ನು ಹೆಗಲ ಮೇಲೆ ಕೂರಿಸಿ ಓಡುತ್ತಿದ್ದೆ. ಅವಳು ಎಲ್ಲರಿಗಿಂತ ಎತ್ತರ. ಮೊದಲ ಹನಿ ಯಾವಾಗಲೂ ಅವಳಿಗೇ. ರಾಶಿ ಯಾವಾಗಲೂ ನಮಗೇ. ಆ ಮಳೆ, ಆ ಹೆಲಿಕಾಪ್ಟರ್, ಆ ದಿನಗಳು ಇನ್ನು ಬರಲಾರವು.'

ಓದಿ ಮುಗಿಸಿ ತಲೆ ಎತ್ತಿದರು, ಚಪ್ಪಾಳೆ ಸಿಗುತ್ತದೆಂದು. ಚೆನ್ನು ನಗುತ್ತಿದ್ದಳು. "ನಾನು ನಿನ್ನ ಕೂದಲು ಹಿಡಿದು ಎಳಿತಿದ್ದೆ, ಕುದುರೆಯ ಹಾಗೆ," ಎಂದಳು. ಅತ್ತೆಯ ಕೈ ಬಟ್ಟಲಿನ ಮೇಲೆ ಹಾಗೇ ನಿಂತಿತ್ತು. ನನಗೆ ತುತ್ತು ಗಂಟಲಲ್ಲಿ ಸಿಕ್ಕಿತು, ಮುಳ್ಳಿಲ್ಲದೆ.

ನಾನು ಕಬಕದವಳು. ನಾವು ಪೇಪರಿನಲ್ಲಿ ಓದಿ ಎಂಡೋ ಎಂದರೆ ಎಂತ ಎಂದು ತಿಳಿದವರು. ಗೇರುಮರಕ್ಕೆ ಕೀಟ ಬಾರದಂತೆ ಮೇಲಿನಿಂದ ಚೆಲ್ಲಿದ ವಿಷ. ಆಮೇಲೆ ತೋಪಿನ ಆಸುಪಾಸಿನ ಮನೆಗಳಲ್ಲಿ ಹಾಸಿಗೆಯಿಂದ ಏಳದ ಮಕ್ಕಳು ಹುಟ್ಟಿದ್ದು, ಬಸಿರು ನಿಲ್ಲದೆ ಹೋದದ್ದು, ಆ ಮದ್ದನ್ನು ನಿಲ್ಲಿಸಿದ್ದು, ಎಲ್ಲ. ಇಲ್ಲಿಗೆ ಸಂಬಂಧ ಮಾಡುವಾಗ ನನ್ನ ಅಪ್ಪ ಅದೊಂದೇ ಕೇಳಿದ್ದರು. "ಅದೆಲ್ಲ ಆಚೆ ಗುಡ್ಡೆಯ ಸುದ್ದಿ, ನಮ್ಮ ಬದಿಗೆ ಒಂದು ಹನಿಯೂ ಬಿದ್ದದ್ದಿಲ್ಲ," ಎಂದು ಇದೇ ಅತ್ತೆ, ಇದೇ ಜಗಲಿಯಲ್ಲಿ ಹೇಳಿದ್ದರು.

"ಅತ್ತೆ," ಎಂದೆ. "ಒಂದು ಹನಿಯೂ ಬಿದ್ದದ್ದಿಲ್ಲ ಅಂತ ಹೇಳಿದ್ರಲ್ಲ?"

"ಅದನ್ನು ತೆಗಿ," ಎಂದರು ಅತ್ತೆ, ನನ್ನನ್ನು ನೋಡದೆ, ಮಗನಿಗೆ. "ಈಗಲೇ ತೆಗಿ ಅದನ್ನು."

"ಎಂತಕ್ಕೆ ಅಮ್ಮ? ಎಲ್ಲರೂ ಲಾಯ್ಕುಂಟು ಅಂತ..."

"ಮಂಡೆಯಲ್ಲಿ ಮೆದುಳುಂಟಾ ನಿಂಗೆ? ಮದುವೆಗೆ ನಿಂತ ಹುಡುಗಿ ಉಂಟು ಮನೆಯಲ್ಲಿ!"

ಆಗ ಇವರ ಮುಖ ನೋಡಬೇಕಿತ್ತು. ಗೊತ್ತಿಲ್ಲದ್ದಲ್ಲ, ಎಲ್ಲ ಗೊತ್ತಿತ್ತು. "ಬರೆಯುವಾಗ ಆಟ ಮಾತ್ರ ನೆನಪಿಗೆ ಬಂದದ್ದು," ಎಂದರು. ಅವಸರದಲ್ಲಿ ತೆಗೆಯಲು ಹೋದರು. ಭವಿತಾ ಅವರ ಕೈಯಿಂದ ಮೊಬೈಲ್ ತೆಗೆದುಕೊಂಡು ನೋಡಿದಳು.

"ಪ್ರಯೋಜನ ಇಲ್ಲ ಅಪ್ಪ. ಬೆಳಿಗ್ಗೆಯೇ ಬೇರೆ ಗ್ರೂಪಿಗೆಲ್ಲ ಹೋಗಿಯಾಗಿದೆ."

ಚೆನ್ನು ಒಬ್ಬೊಬ್ಬರದೇ ಮುಖ ನೋಡಿದಳು. ಅವಳ ನಗು ಮೆಲ್ಲ ಇಳಿಯಿತು. ಬಟ್ಟಲು ತೆಗೆದುಕೊಂಡು ಎದ್ದು ಹೋದಳು.

ಮಂಗಳವಾರ ದೇರಣ್ಣನವರ ಫೋನ್ ಬಂತು. ಇವರು ರಬ್ಬರ್ ಶೀಟ್ ಹಗ್ಗಕ್ಕೆ ಹಾಕುತ್ತಿದ್ದರು, ಕೈ ಒದ್ದೆ ಎಂದು ಸ್ಪೀಕರಿಗೆ ಹಾಕಿದರು. ನಾನು ಅಲ್ಲೇ ಇದ್ದೆ. ಅಡುಗೆಮನೆಯಲ್ಲಿ ಚೆನ್ನು ತೆಂಗಿನಕಾಯಿ ತುರಿಯುತ್ತಿದ್ದಳು.

"ಕುಶಾಲಪ್ಪಣ್ಣ, ನಿಮ್ಮ ಬರಹ ಓದಿದೆ. ಲಾಯ್ಕ ಬರಿತೀರಿ."

"ಹ್ಞಾಂ... ಹಾಗೆ ಸುಮ್ನೆ..."

"ನಿಮ್ಮ ಬದಿಗೂ ಆ ಮದ್ದು ಬಿದ್ದದ್ದು ಅಂತ ಹೇಳ್ಲೇ ಇಲ್ಲ ಮಾರಾಯ್ರೆ. ಕೇಳಿದವರಿಗೆ ನಾನು ಎಂತ ಹೇಳುದು? ಮತ್ತೆ, ಆ ಹೆಗಲ ಮೇಲೆ ಕೂತ ತಂಗಿ ಅಂತ ಬರ್ದಿದ್ದೀರಲ್ಲ, ಅದು ಗಂಡನ ಮನೆಯಿಂದ ವಾಪಾಸು ಬಂದವರಾ? ಮಕ್ಕಳಾಗದ್ದು?"

ಶೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಲ್ಲಿ ತುರಿಯುವ ಶಬ್ದ ನಿಂತಿತು.

"ನಮಗೂ ಒಬ್ಬನೇ ಹುಡುಗ. ಬೇಜಾರು ಮಾಡ್ಬೇಡಿ. ನಿಶ್ಚಿತಾರ್ಥ ಸದ್ಯಕ್ಕೆ ನಿಲ್ಲಿಸುವ," ಎಂದು ಫೋನ್ ಇಟ್ಟರು.

ಆ ದಿನ ರಾಮಾಯಣವಾಯಿತು. ಭವಿತಾ ಬಂದವಳು ಚೀಲ ಎಸೆದು ಕೋಣೆಗೆ ಹೋಗಿ ಬಾಗಿಲು ಹಾಕಿದಳು. ನಾನು ಇವರ ಮೇಲೆ ಹರಿಹಾಯ್ದೆ. ಇಷ್ಟು ವರ್ಷದ್ದು ಎಲ್ಲ ಒಟ್ಟಿಗೇ ಬಂತು.

"ನನ್ನ ಹತ್ರ ಹೇಳ್ಬೇಕು ಅಂತ ಆಗ್ಲಿಲ್ಲ ನಿಮಗೆ? ಇವಳನ್ನು ಹೊಟ್ಟೆಯಲ್ಲಿ ಇಟ್ಕೊಂಡು ನಾನು ನಗ್ತಾ ಇದ್ದೆ, ಇಲ್ಲಿಯ ಬಾವಿ ನೀರೇ ಕುಡ್ಕೊಂಡು!"

"ಹೇಳಿದ್ರೆ ನೀನು ಬರ್ತಿದ್ಯಾ?"

"ಬರ್ತಿದ್ನೋ ಇಲ್ವೋ, ಅದು ನಾನು ಹೇಳ್ಬೇಕಾದ್ದು!"

"ಈಗ ಜೋರು ಮಾಡಿ ಎಂತ ಪ್ರಯೋಜನ?" ಎಂದರು ಅತ್ತೆ ಎಲೆಅಡಿಕೆ ಕುಟ್ಟುತ್ತಾ. "ಭವಿತಾ ಆರೋಗ್ಯದಲ್ಲಿ ಇದ್ದಾಳಲ್ಲ. ಕೈಕಾಲು ಸಮ ಉಂಟಲ್ಲ."

ಇಷ್ಟು ತಣ್ಣಗೆ ಹೇಳಬಹುದಾ ಒಬ್ಬರು ಎಂದು ನಾನು ಅವರನ್ನೇ ನೋಡಿದೆ. ಬಾಯಿಗೆ ಬಂದದ್ದನ್ನು ನುಂಗಿ ದನಕ್ಕೆ ಹುಲ್ಲು ಹಾಕಲು ಹೋದೆ.

ಚೆನ್ನು ನಾಲ್ಕೈದು ದಿನ ಎಂದಿನ ಹಾಗೆ ಕೆಲಸ ಮಾಡಿದಳು, ಉಂಡಳು, ಮಲಗಿದಳು. ಆಮೇಲೊಂದು ಬೆಳಿಗ್ಗೆ ನಾವಿಬ್ಬರು ಹಲಸಿನ ಗುಜ್ಜೆ ಹೆಚ್ಚುವಾಗ, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದಳು.

"ಅತ್ತಿಗೆ, ಆ ಮದ್ದಿನಿಂದ ಮಕ್ಕಳು ನಿಲ್ಲುದಿಲ್ವಾ?"

"ಖಂಡಿತ ಹೇಳ್ಲಿಕ್ಕೆ ಡಾಕ್ಟರಿಗೂ ಆಗುದಿಲ್ಲ ಚೆನ್ನು. ಆದ್ರೆ ಹಾಗೆ ಆದವರು ಸುಮಾರು ಮಂದಿ ಇದ್ದಾರೆ ಅಂತ ಪೇಪರಿನಲ್ಲಿ ಬಂದಿತ್ತು."

ಅವಳು ಎಣ್ಣೆ ಹಚ್ಚಿದ ಅಂಗೈಯನ್ನು ನೋಡುತ್ತಾ ಕೂತಳು. "ಅಣ್ಣ ಒಂದು ಬರೀಲಿಕ್ಕೆ ಬಿಟ್ಟಿದ್ದಾನೆ. ಒದ್ದೆ ಆಗಿದ್ದು ಹೌದಾ ಅಲ್ವಾ ಅಂತ ಜಗಳ ಆಗ್ತಿತ್ತಲ್ಲ, ಬೆವರು ಅಂತಲೂ ಹೇಳ್ಬಹುದು. ಅದಕ್ಕೆ ಅಂಗೈ ಮೂಸಿ ನೋಡುದು ಇತ್ತು. ಮದ್ದಿನ ವಾಸನೆ ಬಂದ್ರೆ, 'ರಾಶಿ ನಿಂಗೆ' ಅಂತ ಹೇಳುದು. ಹುಡುಗಿಯರ ಕೈ ಹುಡುಗಿಯರೇ ಮೂಸ್ಬೇಕು. ನನಗೆ ಆ ಮಾತು ಕೇಳ್ಲಿಕ್ಕೆ ಎಷ್ಟು ಖುಷಿ ಗೊತ್ತುಂಟಾ ಅತ್ತಿಗೆ? ಆ ದಿನ ಕೈ ತೊಳೀದೆ ಊಟ ಮಾಡ್ತಿದ್ದೆ, ವಾಸನೆ ಹೋಗ್ತದೆ ಅಂತ."

ಗುಜ್ಜೆಯ ಮೇಣ ಕತ್ತಿಗೆ ಅಂಟಿ ಹೆಚ್ಚಲು ಆಗಲಿಲ್ಲ. ಅಷ್ಟರಲ್ಲಿ ಅತ್ತೆ ಗಂಜಿಗೆ ಬಂದು ಕೂತರು. ಚೆನ್ನು ತಿರುಗಿದಳು.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಎಂತ?"

"ನಂದು ದೋಷ ಅಲ್ಲ, ಮದ್ದು ಅಂತ."

ಅತ್ತೆ ಉಪ್ಪಿನಕಾಯಿ ಭರಣಿಯ ಕಡೆ ಕೈ ಚಾಚಿದರು. ಚೆನ್ನು ಭರಣಿಯನ್ನು ಎತ್ತಿ ಈಚೆ ಇಟ್ಟಳು. ಅವಳು ಹಾಗೆ ಮಾಡಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

"ಹೇಳು ಅಮ್ಮ. ಆಸ್ಪತ್ರೆಯವರು ಮನೆಮನೆಗೆ ಬಂದು ಯಾರಿಗೆ ಎಂತ ತೊಂದರೆ ಅಂತ ಕೇಳಿಕೊಂಡು ಹೋದ್ರಲ್ಲ, ಆ ದಿನ ನೀನು ನನ್ನನ್ನು ನೆಲ್ಯಾಡಿಗೆ ಸಾಮಾನು ತರ್ಲಿಕ್ಕೆ ಕಳಿಸಿದ್ದು ಎಂತಕ್ಕೆ?"

ಮುದುಕಿ ಗಂಜಿ ಕಲಕಿದರು. ಆಮೇಲೆ ಹೇಳಿದರು. "ನಾಗದೋಷ ಅಂದ್ರೆ ಪೂಜೆ ಮಾಡಿ ಕಳೀಬಹುದು. ಮದ್ದು ಅಂದ್ರೆ ಎಂತ ಮಾಡಿ ಕಳೀಲಿ? ಇವನಿಗೆ ಹೆಣ್ಣು ಯಾರು ಕೊಡ್ತಿದ್ರು? ಭವಿತನನ್ನು ಯಾರು ತಕೊಳ್ತಿದ್ರು? ಮನೆ ಪೂರಾ ಹಾಳಾಗುದಕ್ಕಿಂತ..."

"ನಾನೊಬ್ಬಳು ಹಾಳಾದ್ರೆ ಸಾಕು ಅಂತ."

"ಹಾಗಲ್ಲ ಮಗಾ!"

"ಹಾಗೆಯೇ ಅಮ್ಮ. ನಾನು ಎಷ್ಟು ವರ್ಷ ಬಚ್ಚಲಲ್ಲಿ ಕೂತೆ!"

ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಗೋಡೆಗೆ ಒರಗಿಬಿಟ್ಟರು. ಗಂಡಸು ಹಾಗೆ ಅಳುವುದನ್ನು ನೋಡಿದರೆ ಬೈಯಲೂ ಆಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ಅನ್ನ ಮುಟ್ಟಲಿಲ್ಲ. ಚೆನ್ನುವೇ ಹೋಗಿ ಬಟ್ಟಲು ಹತ್ತಿರ ಸರಿಸಿದಳು.

"ಉಣ್ಣು ಅಣ್ಣ. ಹೆಗಲಿಗೆ ಹತ್ತಿಸು ಅಂತ ಹಠ ಮಾಡಿದ್ದು ನಾನೇ."

ಆಮೇಲೆ ಅವರು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಮುಂದಿನ ಭಾನುವಾರದ್ದು ಎಲ್ಲಿ ಕುಶಾಲಪ್ಪಣ್ಣ ಎಂದು ಸೌದಿಯವರು ಕೇಳುತ್ತಲೇ ಇದ್ದರು.

ಬಿಸುವಿನ ದಿನ ಹಣ್ಣು ಕಾಯಿಯ ಕಣಿ ಇಟ್ಟೆವು, ಪಾಯಸ ಮಾಡಿದೆವು, ಯಾರಿಗೂ ರುಚಿ ಆಗಲಿಲ್ಲ. ಸಂಜೆ ಭವಿತಾ ಬಂದು ನಿಂತಳು. ಸಂಪ್ರೀತ ಫೋನ್ ಮಾಡಿದ್ದನಂತೆ. ದೊಡ್ಡಪ್ಪ ಒಂದು ದಾರಿ ಹೇಳಿದ್ದಾರಂತೆ. ಅವರು ಮನೆಗೆ ಬರುತ್ತಾರೆ. ಆ ಬರಹ ಸುಮ್ಮನೆ ಕಟ್ಟಿದ ಕಥೆ, ನಮ್ಮ ಬದಿಗೆ ಹೆಲಿಕಾಪ್ಟರ್ ಬಂದದ್ದೇ ಇಲ್ಲ ಎಂದು ಅಪ್ಪ ಎಲ್ಲರೆದುರು ಹೇಳಬೇಕು. ಅದನ್ನೇ ಗ್ರೂಪಿಗೂ ಹಾಕಬೇಕು. ಭವಿತನ ಆರೋಗ್ಯದ ಬಗ್ಗೆ ಒಂದು ಸರ್ಟಿಫಿಕೇಟ್ ತರಬೇಕು. ಮತ್ತೆ ನಿಶ್ಚಿತಾರ್ಥಕ್ಕೆ ಅಡ್ಡಿ ಇಲ್ಲ.

"ಹೇಳುವ, ಹೇಳುವ," ಎಂದರು ಅತ್ತೆ, ಕಳೆ ಬಂದ ಮುಖದಲ್ಲಿ. "ಒಂದು ಮಾತಿಗೆ ಎಂತ ಖರ್ಚು?"

"ಅವನು ಎಂತ ಹೇಳ್ತಾನೆ?" ಎಂದು ನಾನು ಮಗಳನ್ನು ಕೇಳಿದೆ.

"ದೊಡ್ಡಪ್ಪನಿಗೆ ಎದುರು ಮಾತಾಡ್ಲಿಕ್ಕೆ ಆಗುದಿಲ್ಲ, ಒಂದು ಮಾತು ಹೇಳಿಬಿಡಿ ಪ್ಲೀಸ್ ಅಂತಾನೆ." ಅವಳು ಕಿಟಕಿಯ ಸರಳಿನ ಪೈಂಟ್ ಕೆರೆಯುತ್ತಿದ್ದಳು. "ನನಗೆ ಅವನು ಬೇಕು ಅಮ್ಮ. ಆದ್ರೆ ಅವನು ಹಾಗೆ ಹೇಳಿದ್ದು ಮಾತ್ರ ಕೇಳ್ಲಿಕ್ಕೆ ಆಗ್ತಾ ಇಲ್ಲ."

ಇವರು ಚೆನ್ನುವಿನ ಮುಖ ನೋಡಿದರು. "ಹೇಳು ಅಣ್ಣ, ಅವಳ ಮದುವೆ ಆಗ್ಲಿ," ಎಂದಳು ಚೆನ್ನು.

ಅವರು ಬಂದದ್ದು ಒಂದು ಶನಿವಾರ. ನಾನು ಗೋಳಿಬಜೆ ಕರಿದೆ, ಚಟ್ನಿ ಅರೆದೆ. ಕಾರಿನಿಂದ ದೇರಣ್ಣ, ವಾರಿಜಕ್ಕ, ಸಂಪ್ರೀತ ಇಳಿದರು. ಚೆನ್ನು ಎಂದಿನಂತೆ ಹಿಂದಿನ ಬಾಗಿಲಿನಿಂದ ಬಚ್ಚಲಿನ ಕಡೆ ಹೋದಳು. ಭವಿತಾ ಒಳಬಾಗಿಲಿನ ಪರದೆಯ ಹತ್ತಿರ ನಿಂತಳು. ಸಂಪ್ರೀತ ಅವಳನ್ನು ನೋಡಿ ನಗಲು ಹೋದ. ಅವಳು ನಗಲಿಲ್ಲ.

ದೇರಣ್ಣನವರು ಬಜೆ ತಿಂದು, ಕೈ ಒರೆಸಿ, "ಮತ್ತೆ, ಹೇಳಿ ಕುಶಾಲಪ್ಪಣ್ಣ," ಎಂದರು.

ಇವರು ಬಾಯಿಪಾಠ ಒಪ್ಪಿಸಿದರು. ನೆಲ ನೋಡಿಕೊಂಡು. "ಅದು ನಾನು ಗಮ್ಮತ್ತಿಗೆ ಕಟ್ಟಿದ ಕಥೆ. ಓದುವವರಿಗೆ ಖುಷಿ ಆಗ್ಲಿ ಅಂತ. ನಮ್ಮ ಬದಿಗೆ ಹೆಲಿಕಾಪ್ಟರ್ ಬರ್ಲೇ ಇಲ್ಲ."

"ಒಳ್ಳೇದಾಯ್ತು. ಮತ್ತೆ ನಿಮ್ಮ ತಂಗಿಯದ್ದು?"

ಇವರು ಬಚ್ಚಲಿನ ಕಡೆ ನೋಡಿದರು. ಅತ್ತೆ ಮಧ್ಯೆ ಬಾಯಿ ಹಾಕಿದರು. "ಅವಳದ್ದು ಬೇರೆ. ಅವಳಿಗೆ ನಾಗದೋಷ."

ಬಚ್ಚಲಿನಲ್ಲಿ 'ಢಣ್' ಎಂದು ಚೆಂಬು ಬಿದ್ದ ಶಬ್ದ ಕೇಳಿತು. ಚೆನ್ನು ಬಂದಳು. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನೆಟ್ಟಗೆ ಚಾವಡಿಗೆ. ಒದ್ದೆ ಕೈ ಒರೆಸಿಕೊಂಡೂ ಇರಲಿಲ್ಲ. ಮದುವೆ ಮಾತುಕತೆಯ ಚಾವಡಿಗೆ ಅವಳು ಕಾಲಿಟ್ಟದ್ದನ್ನು ನಾನು ಈ ಮನೆಗೆ ಬಂದ ಮೇಲೆ ಅದೇ ಮೊದಲು ನೋಡಿದ್ದು. ಅತ್ತೆ ಅವಳನ್ನು ಒಮ್ಮೆ ನೋಡಿದರು. ಆ ನೋಟಕ್ಕೆ ಆ ದಿನ ಬೆಲೆ ಇರಲಿಲ್ಲ.

"ನನಗೆ ಯಾವ ದೋಷವೂ ಇಲ್ಲ," ಎಂದಳು. "ಅಣ್ಣ ಬರ್ದದ್ದು ಸತ್ಯ. ನಾನೇ ಇದ್ದದ್ದು ಅವನ ಹೆಗಲ ಮೇಲೆ. ಬಾಯಿ ತೆರೆದುಕೊಂಡು ಇದ್ದೆ. ಭವಿತಾ, ನನ್ನನ್ನು ಕ್ಷಮಿಸು ಮಗಾ. ಸುಮ್ಮನೆ ಇರ್ಬೇಕು ಅಂತಲೇ ಇದ್ದೆ, ಆಗ್ಲಿಲ್ಲ."

ಮಗಳ ಮದುವೆ ಮುರಿಯಿತು ಎಂದುಕೊಂಡೆ. ದೇವರಾಣೆ, ಒಂದು ಕ್ಷಣ ಚೆನ್ನುವಿನ ಮೇಲೆ ಸಿಟ್ಟೂ ಬಂತು. ಪರದೆ ಸರಿಸಿ ಭವಿತಾ ಬಂದು ಚೆನ್ನುವಿನ ತೋಳು ಹಿಡಿದು ನಿಂತಾಗ ಆ ಸಿಟ್ಟು ಎಲ್ಲಿ ಹೋಯಿತೋ.

ದೇರಣ್ಣನವರು ಎದ್ದೇ ನಿಂತರು. "ಸಾಕಲ್ಲ? ನಮ್ಮನ್ನು ಕರೆಸಿ ಕೂರಿಸಿ ಸುಳ್ಳು ಹೇಳುದು! ಸಂಪ್ರೀತ್, ಏಳು. ವಾರಿಜ, ಹೋಗುವ."

ವಾರಿಜಕ್ಕ ಏಳಲಿಲ್ಲ. ಅವರು ಚೆನ್ನುವನ್ನೇ ನೋಡುತ್ತಿದ್ದರು, ಬಂದಾಗಿನಿಂದ ಮೊದಲ ಸಲ ಒಬ್ಬರನ್ನು ನೋಡುವ ಹಾಗೆ.

"ನಿಮ್ಮ ಬದಿಯಲ್ಲಿ," ಎಂದರು, ಸಣ್ಣ ಸ್ವರದಲ್ಲಿ, "ಅಂಗೈ ಮೂಸುದು ಯಾರು? ನಮ್ಮಲ್ಲಿ ದೊಡ್ಡ ಹುಡುಗಿಯರು ಮೂಸುದು."

ನಾನು ಇವರ ಮುಖ ನೋಡಿದೆ. ಇವರು ನನ್ನದು. ಬರಹದಲ್ಲಿ ಅಂಗೈಯ ಸುದ್ದಿ ಇರಲೇ ಇಲ್ಲ.

ಚೆನ್ನು ಅವರ ಕಡೆ ತಿರುಗಿದಳು. "ನಮ್ಮಲ್ಲಿಯೂ ಹಾಗೆಯೇ ಅಕ್ಕ," ಎಂದಳು.

"ಎಂತ ಹೇಳ್ತಾ ಇದ್ದಿ ವಾರಿಜ?" ಎಂದರು ದೇರಣ್ಣ.

"ನಾನು ಇದೇ ತೋಪಿನ ಆಚೆ ಬದಿಯವಳು ಭಾವ." ವಾರಿಜಕ್ಕನ ಕೈ ಸೆರಗಿನ ತುದಿ ಹಿಂಡುತ್ತಿತ್ತು, ಸ್ವರ ಮಾತ್ರ ನಡುಗಲಿಲ್ಲ. "ಮದುವೆಗೆ ಮೊದಲು ಅಪ್ಪ ಇದ್ದ ಜಾಗ ಮಾರಿ ಕಡಬ ಪೇಟೆಯ ಬದಿಗೆ ಬಂದ್ರು. ಅಲ್ಲಿಯವರು ಅಂತಲೇ ನಿಮಗೆ ಹೇಳಿದ್ದು. ನನ್ನ ಹತ್ರ ಜನ್ಮದಲ್ಲಿ ಹೇಳ್ಬೇಡ ಅಂದ್ರು. ನಾನು ಹೇಳ್ಲಿಲ್ಲ. ನಿಮ್ಮ ತಮ್ಮನಿಗೂ ಹೇಳ್ಲಿಲ್ಲ. ಇವನು ಹೊಟ್ಟೆಯಲ್ಲಿ ಇರುವಾಗ ನಾನು ಸರಿ ನಿದ್ದೆ ಮಾಡಿದವಳಲ್ಲ. ಹುಟ್ಟಿದ ಕೂಡ್ಲೇ ಬೆರಳು ಲೆಕ್ಕ ಮಾಡಿದೆ. ಇನ್ನೊಂದಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಒಂದೇ ಸಾಕು ಅಂತ ಹಠ ಮಾಡಿದೆ. ಒಂದು ಹೆಣ್ಣಾದ್ರೂ ಬೇಕಿತ್ತು ಅಂತ ಹೇಳಿಕೊಂಡೇ ಇವನ ಅಪ್ಪ ತೀರಿಹೋದ್ರು."

"ಅಮ್ಮ?" ಎಂದ ಸಂಪ್ರೀತ. ಅಷ್ಟು ದೊಡ್ಡ ಹುಡುಗನ ಸ್ವರ ಶಾಲೆಗೆ ಹೋಗುವ ಮಗುವಿನದಾಗಿತ್ತು.

ಅತ್ತೆ ಎಲೆಅಡಿಕೆ ಜಗಿಯುವುದು ಬಿಟ್ಟಿದ್ದರು. ನನ್ನ ಮಗಳೇ ಮಾತಾಡಿದ್ದು. ಚೆನ್ನುವಿನ ತೋಳು ಬಿಡದೆ ಸಂಪ್ರೀತನ ಕಡೆ ತಿರುಗಿ, "ಈಗ ಹೇಳಿ, ಯಾರ ಸರ್ಟಿಫಿಕೇಟ್ ಬೇಕು ನಿಮಗೆ?" ಎಂದಳು.

ಅವನು ತಲೆ ತಗ್ಗಿಸಿದ.

ವಾರಿಜಕ್ಕ ಎದ್ದರು. ದೇರಣ್ಣನವರ ಎದುರು ಹೋಗಿ ನಿಂತು, ಬಲಗೈ ಚಾಚಿ ಅಂಗೈ ಬಿಡಿಸಿದರು. "ನೋಡಿ ಭಾವ. ಮೂಸಿ ನೋಡಿ. ಇಷ್ಟು ವರ್ಷ ಈ ಕೈಯಲ್ಲೇ ನಿಮಗೆಲ್ಲ ಅನ್ನ ಬಡಿಸಿದ್ದು."

ದೇರಣ್ಣನವರು ಒಂದು ಹೆಜ್ಜೆ ಹಿಂದೆ ಸರಿದರು. ಆ ಕೈಯನ್ನು ನೋಡಿದರು, ನಮ್ಮನ್ನು ನೋಡಿದರು, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ಕಾರಿನ ಬಾಗಿಲು ಹಾಕಿದ ಶಬ್ದ ಕೇಳಿತು. "ಸಂಪ್ರೀತ್, ಬಾ!" ಎಂದು ಅಲ್ಲಿಂದಲೇ ಕರೆದರು. ಮತ್ತೊಮ್ಮೆ ಕರೆದರು, ಜೋರಾಗಿ. ಸಂಪ್ರೀತ ಕುರ್ಚಿಯ ಕೈ ಹಿಡಿದುಕೊಂಡು ಕೂತಲ್ಲೇ ಕೂತ. ಮತ್ತೆ ಮೆಲ್ಲ, "ನೀವು ಹೋಗಿ ದೊಡ್ಡಪ್ಪ, ನಾವು ಬಸ್ಸಿನಲ್ಲಿ ಬರ್ತೇವೆ," ಎಂದ. ಅಂಗಳಕ್ಕೆ ಕೇಳಿಸಿತೋ ಇಲ್ಲವೋ, ಕಾರು ಸ್ಟಾರ್ಟಾಯಿತು.

ವಾರಿಜಕ್ಕನ ಕೈ ಇನ್ನೂ ಚಾಚಿದ್ದು ಹಾಗೇ ಇತ್ತು. ಇಳಿಸಲು ಮರೆತ ಹಾಗೆ. ಚೆನ್ನು ಹೋಗಿ ಆ ಕೈಯನ್ನು ತನ್ನ ಎರಡೂ ಒದ್ದೆ ಕೈಗಳಲ್ಲಿ ಹಿಡಿದಳು. ಬಗ್ಗಿ, ಅಂಗೈಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು.

"ರಾಶಿ ನಿಮಗೆ ಅಕ್ಕ," ಎಂದಳು.